‘ಔಟ್‌ಡೂ’ ಕ್ರಿಯಾಪದದ ಅರ್ಥ ಮತ್ತು ಬಳಕೆ: ಕನ್ನಡದ ‘ಮೀರು’ – ‘ಮೀರಿಸು’ಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಎರಡು ಭಾಷೆಗಳ ನಡುವೆ ಕೆಲಸ ಮಾಡುವವರಿಗೆ ತೊಡಕುಂಟುಮಾಡುವ ಪದಗಳು ಯಾವಾಗಲೂ ಅಪರಿಚಿತ ಪದಗಳೇ ಆಗಿರಬೇಕಿಲ್ಲ. ಅರ್ಥ ಗೊತ್ತಿದೆಯೆಂದು ಭಾವಿಸಿ ನಿಘಂಟನ್ನು ತೆರೆಯದೆಯೇ ಬಳಸುವ ಪದಗಳು ಹಲವು ಸಲ ಹೆಚ್ಚಿನ ತೊಡಕನ್ನು ತರುತ್ತವೆ. ಎದುರಾಳಿಗಿಂತ ಮೇಲೆನಿಸಿಕೊಳ್ಳುವುದನ್ನು ಸೂಚಿಸುವ ಇಂಗ್ಲಿಷಿನ ‘ಔಟ್‌ಡೂ’ ಅಂತಹ ಒಂದು ಕ್ರಿಯಾಪದ. ಇದಕ್ಕೆ ಕನ್ನಡದಲ್ಲಿ ‘ಮೀರು’ ಎಂದು ಬರೆದು ಮುಂದೆ ಸಾಗುವುದು ನಮಗೆಲ್ಲ ರೂಢಿಯಾಗಿದೆ. ಸರ್ಪಾಸ್, ಎಕ್ಸೀಡ್, ಟ್ರಾನ್ಸೆಂಡ್, ಟ್ರಾನ್ಸ್‌ಗ್ರೆಸ್ ಎಂಬ ಬೇರೆ ನಾಲ್ಕು ಕ್ರಿಯಾಪದಗಳಿಗೂ ಅದೇ ‘ಮೀರು’ವನ್ನೇ ನಾವು ಬಳಸುತ್ತಿದ್ದೇವೆ. ಐದು ಬೇರೆಬೇರೆ ಪರಿಕಲ್ಪನೆಗಳು ಒಂದೇ ಪದದೊಳಗೆ ಬಂದು ಸೇರಿದಾಗ ಅನುವಾದಕ್ಕೆ ಮಾತ್ರವಲ್ಲದೆ ವಿಮರ್ಶೆಯ ತೀರ್ಮಾನಗಳಿಗೂ ಧಕ್ಕೆಯಾಗುತ್ತದೆ.

ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಕೆಲಸಕ್ಕೆ ದೀರ್ಘ ಇತಿಹಾಸವಿದೆ. 1824ರಲ್ಲಿ ಪ್ರಕಟವಾದ ವಿಲಿಯಂ ರೀವ್ ಅವರ ನಿಘಂಟಿನಿಂದ 1946ರ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿನವರೆಗೆ ಮತ್ತು ಆನಂತರವೂ ಈ ಕೆಲಸ ನಡೆದುಬಂದಿದೆ. ಆದರೆ ದ್ವಿಭಾಷಿಕ ನಿಘಂಟಿನ ಸ್ವರೂಪವೇ ಸಮಾನಪದಗಳನ್ನು ಸಾಲಾಗಿ ಕೊಡುವುದಾಗಿದೆ. ಆ ಸಾಲಿನ ಯಾವ ಪದ ಯಾವ ಸಂದರ್ಭಕ್ಕೆ ಹೊಂದುತ್ತದೆ ಎಂಬುದನ್ನು ಬಳಸುವವರೇ ನಿರ್ಧರಿಸಬೇಕಾಗುತ್ತದೆ. ಪ್ರಸ್ತುತ ಲೇಖನದಲ್ಲಿ ‘ಔಟ್‌ಡೂ’ವಿನ ರಚನೆ, ಅರ್ಥ ಮತ್ತು ಬಳಕೆಯನ್ನು ವಿವರಿಸಿ, ಅದಕ್ಕೆ ಎದುರಾಗಿ ಕನ್ನಡದಲ್ಲಿ ಏನಿದೆ ಎಂಬುದನ್ನು ಪರಿಶೀಲಿಸುವ ಪ್ರಯತ್ನ ಮಾಡಲಾಗಿದೆ. ‘ಮೀರು’ ಮತ್ತು ‘ಮೀರಿಸು’ ಎಂಬ ಎರಡು ರೂಪಗಳ ನಡುವೆ ಕನ್ನಡವು ಈಗಾಗಲೇ ಕಾಪಾಡಿಕೊಂಡಿರುವ ವ್ಯತ್ಯಾಸವನ್ನು ನಾವು ಬರವಣಿಗೆಯಲ್ಲಿ ಕಳೆದುಕೊಳ್ಳುತ್ತಿದ್ದೇವೆ ಎಂಬುದು ಇಲ್ಲಿನ ಮುಖ್ಯ ವಾದ.

1. ‘ಔಟ್’ ಎಂಬ ಪೂರ್ವಪದ

‘ಔಟ್‌ಡೂ’ ಎಂಬುದು ‘ಔಟ್’ ಮತ್ತು ‘ಡೂ’ ಎಂಬ ಎರಡು ಘಟಕಗಳಿಂದಾದ ಪದ. ಬಿಡಿಬಿಡಿಯಾಗಿ ನೋಡಿದರೆ ‘ಹೊರಗೆ’ ಮತ್ತು ‘ಮಾಡು’ ಎಂಬ ಅರ್ಥ ದೊರೆಯುತ್ತದೆ. ಈ ಎರಡನ್ನು ಕೂಡಿಸಿದರೆ ಎದುರಾಳಿಯನ್ನು ಹಿಂದಿಕ್ಕುವ ಅರ್ಥ ಬರುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಪೂರ್ವಪದವು ಮುಖ್ಯವಾಗಿ ಹೊರಕ್ಕೆ ನಡೆಯುವ ಚಲನೆಯನ್ನು ಸೂಚಿಸುತ್ತಿತ್ತು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ‘ಔಟ್‌ಡೂ’ವಿನ ಪೂರ್ವರೂಪಕ್ಕೆ ಹೊರಹಾಕು, ಕೊನೆಗಾಣಿಸು ಎಂಬಂತಹ ಅರ್ಥಗಳಿದ್ದವು. ‘ಇತರರಿಗಿಂತ ಹೆಚ್ಚಾಗಿ’ ಎಂಬ ಅರ್ಥವು ಈ ಪೂರ್ವಪದಕ್ಕೆ ಬಲವಾಗಿ ಅಂಟಿಕೊಂಡದ್ದು 16ನೆಯ ಶತಮಾನದ ಕೊನೆ ಹಾಗೂ 17ನೆಯ ಶತಮಾನದ ಆರಂಭದ ಹೊತ್ತಿಗೆ. ಷೇಕ್ಸ್‌ಪಿಯರ್ ಇಂತಹ ಕ್ರಿಯಾಪದಗಳನ್ನು ಧಾರಾಳವಾಗಿ ಬಳಸಿದ, ಹೊಸದಾಗಿ ಕಟ್ಟಿದ ಲೇಖಕ.

ಈ ಪೂರ್ವಪದದ ವ್ಯಾಕರಣಕಾರ್ಯ ಗಮನಾರ್ಹವಾದುದು. ‘ಓಡು’ ಎಂಬ ಅರ್ಥದ ‘ರನ್’ ಸಾಮಾನ್ಯವಾಗಿ ಅಕರ್ಮಕ. ಅದಕ್ಕೆ ‘ಔಟ್’ ಸೇರಿ ‘ಔಟ್‌ರನ್’ ಆದಾಗ ಅದು ಸಕರ್ಮಕವಾಗುತ್ತದೆ. ಹೀಗೆ ಬಂದು ಸೇರುವ ಕರ್ಮಪದವು ಓಟದ ಕರ್ಮವಲ್ಲ, ಹೋಲಿಕೆಗೆ ನಿಂತ ಎದುರಾಳಿ. ‘ಔಟ್‌ಶೈನ್’ ಎಂಬಲ್ಲಿಯೂ ಇದೇ ವಿಧಾನವಿದೆ. ಹೊಳೆಯುವವನು ಕರ್ತೃ, ಯಾರ ಹೊಳಪು ಮಂಕಾಯಿತೋ ಅವನು ಕರ್ಮ. ಅಂದರೆ ಕನ್ನಡದಲ್ಲಿ ಚತುರ್ಥಿಯ ಮೇಲೆ ‘ಇಂತ’ ಸೇರಿಸಿ ‘ಅವನಿಗಿಂತ’ ಎಂದು ಹೇಳುವ ತಾರತಮ್ಯದ ಸಂಬಂಧವನ್ನು ಇಂಗ್ಲಿಷ್ ಇಲ್ಲಿ ಕ್ರಿಯಾಪದದೊಳಗೇ ಅಡಗಿಸಿದೆ.

‘ಔಟ್’ ಸೇರಿದ ಪದಗಳೆಲ್ಲ ಈ ವರ್ಗಕ್ಕೆ ಸೇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ‘ಔಟ್‌ಪುಟ್’, ‘ಔಟ್‌ಕಮ್’ ಎಂಬ ನಾಮಪದಗಳಲ್ಲಿ ಹೊರಬರುವ ಅರ್ಥವಿದೆಯೇ ಹೊರತು ಸ್ಪರ್ಧೆಯ ಅರ್ಥವಿಲ್ಲ. ಉಚ್ಚಾರಣೆಯಲ್ಲಿಯೂ ವ್ಯತ್ಯಾಸವಿದೆ. ಆ ನಾಮಪದಗಳಲ್ಲಿ ಒತ್ತು ಮೊದಲ ಅಕ್ಷರದ ಮೇಲೆ ಬಿದ್ದರೆ, ‘ಔಟ್‌ಡೂ’ವಿನಲ್ಲಿ ಅದು ಎರಡನೆಯ ಘಟಕದ ಮೇಲೆ ಬೀಳುತ್ತದೆ. ‘ಔಟ್‌ಗ್ರೋ’ ಎಂಬ ಕ್ರಿಯಾಪದದಲ್ಲಿ ಕರ್ಮವಾಗಿ ಬರುವುದು ಹೆಚ್ಚಾಗಿ ಮಗುವಿಗೆ ಚಿಕ್ಕದಾದ ಅಂಗಿ ಅಥವಾ ಬಿಟ್ಟುಹೋದ ಅಭ್ಯಾಸ, ಇವು ಎದುರಾಳಿಗಳಲ್ಲ.

2. ‘ಔಟ್‌ಡೂ’ವಿನ ಅರ್ಥಘಟಕಗಳು

‘ಔಟ್‌ಡೂ’ವಿನ ಬಳಕೆಗಳನ್ನು ಒಟ್ಟಾಗಿ ನೋಡಿದಾಗ ಮೂರು ಅರ್ಥಘಟಕಗಳು ಕಾಣುತ್ತವೆ. ಮೊದಲನೆಯದು ಕೃತ್ಯ. ‘ಡೂ’ ಎಂಬ ಘಟಕ ಇರುವುದರಿಂದ ಇಲ್ಲಿ ಏನನ್ನಾದರೂ ಮಾಡಿರಬೇಕು. ಎರಡನೆಯದು ಸಮಾನಕ್ಷೇತ್ರ. ಇಬ್ಬರೂ ಒಂದೇ ಬಗೆಯ ಕೆಲಸದಲ್ಲಿ ತೊಡಗಿರಬೇಕು. ಮೂರನೆಯದು ಆಧಿಕ್ಯ. ಒಬ್ಬನ ಕೃತ್ಯ ಇನ್ನೊಬ್ಬನದಕ್ಕಿಂತ ಮಿಗಿಲಾಗಿರಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಬಳಕೆ ಸಹಜವೆನಿಸುವುದಿಲ್ಲ.

ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಭಾರತದ ಜನಸಂಖ್ಯೆಯು ಚೀನಾದ ಜನಸಂಖ್ಯೆಯನ್ನು ದಾಟಿತು. ಈ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳುವಾಗ ಸರ್ಪಾಸ್ ಅಥವಾ ಓವರ್‌ಟೇಕ್ ಸಹಜವಾಗಿ ಒದಗುತ್ತವೆ. ‘ಔಟ್‌ಡೂ’ ಎಂದರೆ ಎರಡು ದೇಶಗಳು ಹಟ ತೊಟ್ಟು ಜನಸಂಖ್ಯೆಯನ್ನು ಬೆಳೆಸಿದಂತಹ ವ್ಯಂಗ್ಯದ ಅರ್ಥ ಹೊರಡುತ್ತದೆ. ಹಾಗೆಯೇ ಖರ್ಚು ಲಕ್ಷ ರೂಪಾಯಿಯನ್ನು ದಾಟಿತೆಂಬುದಕ್ಕೆ ಎಕ್ಸೀಡ್ ಬೇಕು. ಅಲ್ಲಿ ಅಳತೆಯಿದೆ, ಕೃತ್ಯವಿಲ್ಲ, ಎದುರಾಳಿಯೂ ಇಲ್ಲ.

‘ಔಟ್‌ಡೂ’ ಎಂದರೆ ಸೋಲಿಸು ಎಂದೂ ಅಲ್ಲ. ಸೋಲು–ಗೆಲುವಿಗೆ ಒಂದು ಪಂದ್ಯ, ಒಂದು ನಿಯಮ, ಒಂದು ಮುಕ್ತಾಯ ಬೇಕು. ಔದಾರ್ಯದಲ್ಲಿ, ಅತಿಥಿಸತ್ಕಾರದಲ್ಲಿ, ಸುಳ್ಳು ಹೇಳುವುದರಲ್ಲಿ ಒಬ್ಬರು ಇನ್ನೊಬ್ಬರನ್ನು ‘ಔಟ್‌ಡೂ’ ಮಾಡಬಹುದು; ಅಲ್ಲಿ ಯಾರೂ ಸೋತಂತಾಗುವುದಿಲ್ಲ. ಹಿಂದಿನವರು ಮಾಡಿದ್ದನ್ನು ಇಂದಿನವರು ‘ಔಟ್‌ಡೂ’ ಮಾಡಬಹುದು. ಹಿಂದಿನವರಿಗೆ ಸ್ಪರ್ಧೆಯ ಅರಿವೇ ಇಲ್ಲದಿರಬಹುದು.

ಷೇಕ್ಸ್‌ಪಿಯರನ ‘ಕೊರಿಯೊಲೇನಸ್’ ನಾಟಕದಲ್ಲಿ ಈ ಕ್ರಿಯಾಪದ ಬಂದಿರುವ ಸಂದರ್ಭ ಕುತೂಹಲಕರವಾಗಿದೆ. ಯುದ್ಧದಲ್ಲಿ ತನ್ನ ಮಗ ಮೆರೆದ ಪರಾಕ್ರಮವನ್ನು ತಾಯಿ ವೊಲಮ್ನಿಯಾ ವರ್ಣಿಸುತ್ತಾಳೆ. ಆತ ‘ಔಟ್‌ಡೂ’ ಮಾಡಿದ್ದು ಶತ್ರುವನ್ನಲ್ಲ, ತನ್ನದೇ ಹಿಂದಿನ ಸಾಹಸಗಳನ್ನು. ಅಂದರೆ ಈ ಕ್ರಿಯಾಪದಕ್ಕೆ ಬೇಕಾದ ಎದುರಾಳಿ ಹೊರಗಿನವನೇ ಆಗಿರಬೇಕಿಲ್ಲ. ಇಂದಿಗೂ ಇಂಗ್ಲಿಷಿನಲ್ಲಿ ಒಬ್ಬನು ತನ್ನನ್ನೇ ‘ಔಟ್‌ಡೂ’ ಮಾಡಿಕೊಂಡನೆಂದು ಹೇಳಿದರೆ ತನ್ನ ಹಿಂದಿನ ಕೆಲಸಕ್ಕಿಂತ ಉತ್ತಮವಾದುದನ್ನು ಮಾಡಿದನೆಂಬ ಹೊಗಳಿಕೆ ಇರುತ್ತದೆ. ಸಂದರ್ಭ ಬದಲಾದರೆ ಅದೇ ಮಾತು ಎಂದಿನ ಎಡವಟ್ಟಿಗಿಂತ ದೊಡ್ಡ ಎಡವಟ್ಟು ಮಾಡಿದನೆಂಬ ವ್ಯಂಗ್ಯವೂ ಆಗುತ್ತದೆ.

3. ನೆರೆಯ ಕ್ರಿಯಾಪದಗಳು

ಇಂಗ್ಲಿಷಿನಲ್ಲಿ ಈ ಅರ್ಥವಲಯದ ಪದಗಳು ಬೇರೆಬೇರೆ ರೂಪಕಗಳ ಮೇಲೆ ನಿಂತಿವೆ. ಸರ್ಪಾಸ್ ಎಂಬುದು ಫ್ರೆಂಚ್ ಮೂಲದ್ದು. ಆಚೆಗೆ ಸಾಗುವುದು ಅದರ ಮೂಲಾರ್ಥ. ಎಕ್ಸೀಡ್, ಟ್ರಾನ್ಸೆಂಡ್, ಟ್ರಾನ್ಸ್‌ಗ್ರೆಸ್ ಎಂಬುವು ಲ್ಯಾಟಿನ್ ಮೂಲದವು. ಎಕ್ಸೀಡ್‌ನಲ್ಲಿ ಹೊರಕ್ಕೆ ಹೋಗುವುದು, ಟ್ರಾನ್ಸೆಂಡ್‌ನಲ್ಲಿ ಹತ್ತಿ ದಾಟುವುದು, ಟ್ರಾನ್ಸ್‌ಗ್ರೆಸ್‌ನಲ್ಲಿ ಗೆರೆಯಾಚೆ ಹೆಜ್ಜೆಯಿಡುವುದು ಮೂಲಕಲ್ಪನೆ. ಇವೆಲ್ಲವೂ ಎಲ್ಲೆ ಮತ್ತು ಚಲನೆಯ ರೂಪಕಗಳು. ‘ಔಟ್‌ಡೂ’ವಿನಲ್ಲಿ ಎಲ್ಲೆಯಿಲ್ಲ. ಅಲ್ಲಿರುವುದು ಒಂದೇ ಕಣದಲ್ಲಿ ನಿಂತ ಎರಡು ಕೃತ್ಯಗಳು. ಟ್ರಾನ್ಸೆಂಡ್ ಮಾಡಿದವನು ಕಣವನ್ನೇ ಬಿಟ್ಟು ಮೇಲೇರುತ್ತಾನೆ. ಟ್ರಾನ್ಸ್‌ಗ್ರೆಸ್ ಮಾಡಿದವನು ಕಣದ ನಿಯಮವನ್ನು ಮುರಿಯುತ್ತಾನೆ. ‘ಔಟ್‌ಡೂ’ ಮಾಡಿದವನಾದರೋ ಕಣದಲ್ಲೇ ಉಳಿದು, ಅದೇ ಅಳತೆಯಲ್ಲಿ ಹೆಚ್ಚು ತೂಗುತ್ತಾನೆ.

4. ಕನ್ನಡದ ‘ಮೀರು’ ಮತ್ತು ‘ಮೀರಿಸು’

ಹಳಗನ್ನಡದಲ್ಲಿ ಶಕಟರೇಫದೊಡನೆ ‘ಮೀಱು’ ಎಂದಿದ್ದ ಈ ಧಾತು ದ್ರಾವಿಡ ಮೂಲದ್ದು. ತಮಿಳಿನ ‘ಮೀಱು’ ಇದರ ಜ್ಞಾತಿಪದ. ಮಾನವ ಹಕ್ಕುಗಳ ಉಲ್ಲಂಘನೆಯನ್ನು ಹೇಳಲು ಇಂದಿನ ತಮಿಳಿನಲ್ಲಿ ಬಳಸುವ ‘ಮೀಱಲ್’ ಎಂಬ ನಾಮರೂಪ ಇದರಿಂದಲೇ ಬಂದದ್ದು. ಎಲ್ಲೆಯನ್ನು ದಾಟುವುದು ಈ ಧಾತುವಿನ ಕೇಂದ್ರಾರ್ಥವೆಂಬುದಕ್ಕೆ ಕನ್ನಡದ ಬಳಕೆಗಳೂ ಸಾಕ್ಷಿಯಾಗಿವೆ. ಮಾತು ಮೀರುವುದು, ಆಜ್ಞೆ ಮೀರುವುದು, ಹದ್ದು ಮೀರುವುದು, ಮಿತಿಮೀರಿದ ವೆಚ್ಚ, ಗಡುವು ಮೀರಿದ ಅರ್ಜಿ, ಹೊತ್ತು ಮೀರಿದ ಊಟ, ಕೈಮೀರಿದ ಪರಿಸ್ಥಿತಿ, ಊಹೆಗೂ ಮೀರಿದ ಘಟನೆ – ಇವೆಲ್ಲದರಲ್ಲಿಯೂ ಒಂದು ಗೆರೆಯಿದೆ, ಅದರಾಚೆಗೆ ಹೋಗುವಿಕೆಯಿದೆ. ಎದುರಾಳಿ ಮಾತ್ರ ಇಲ್ಲ.

‘ಮೀರಿಸು’ವಿನ ಸ್ಥಿತಿ ಬೇರೆ. ರೂಪದಲ್ಲಿ ಇದು ‘ಮೀರು’ವಿಗೆ ‘ಇಸು’ ಪ್ರತ್ಯಯ ಸೇರಿ ಆದದ್ದು. ಈ ಪ್ರತ್ಯಯ ಸೇರಿದಾಗ ಸಾಮಾನ್ಯವಾಗಿ ಪ್ರೇರಣಾರ್ಥವನ್ನು ನಿರೀಕ್ಷಿಸುತ್ತೇವೆ. ‘ಮಾಡಿಸು’ ಎಂದರೆ ಇನ್ನೊಬ್ಬರಿಂದ ಮಾಡುವಂತೆ ಮಾಡು ಎಂದರ್ಥ. ಆದರೆ ‘ಅಣ್ಣನನ್ನು ಮೀರಿಸಿದ’ ಎಂದರೆ ಅಣ್ಣನು ಏನನ್ನೋ ಮೀರುವಂತೆ ಮಾಡಿದ ಎಂಬ ಅರ್ಥ ಯಾವ ಕನ್ನಡಿಗನಿಗೂ ಬರುವುದಿಲ್ಲ. ಅಣ್ಣನಿಗಿಂತ ಮೇಲೆನಿಸಿಕೊಂಡ ಎಂದೇ ಅರ್ಥವಾಗುತ್ತದೆ. ಇಲ್ಲಿ ‘ಇಸು’ ಪ್ರೇರಣೆಯನ್ನು ಬಿಟ್ಟು ಎದುರಾಳಿಯೊಡನೆಯ ಸಂಬಂಧವನ್ನು ಸೂಚಿಸುವ ಕೆಲಸ ಮಾಡುತ್ತಿದೆ.

ಈ ಎರಡು ರೂಪಗಳ ಕರ್ಮಪದಗಳನ್ನು ಅದಲುಬದಲು ಮಾಡಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ‘ಆಜ್ಞೆಯನ್ನು ಮೀರಿದ’ ಎನ್ನುತ್ತೇವೆ, ‘ಆಜ್ಞೆಯನ್ನು ಮೀರಿಸಿದ’ ಎನ್ನುವುದಿಲ್ಲ. ‘ಗಡುವು ಮೀರಿತು’ ಸರಿ, ‘ಗಡುವನ್ನು ಮೀರಿಸಿತು’ ತಪ್ಪು. ಕರ್ಮಪದವು ವ್ಯಕ್ತಿಯಾದಾಗ ಎರಡೂ ರೂಪಗಳು ಸಾಧ್ಯ. ಅರ್ಥ ಮಾತ್ರ ಬೇರೆಯಾಗುತ್ತದೆ. ‘ಮಗ ಅಪ್ಪನನ್ನು ಮೀರಿದ’ ಎಂಬ ವಾಕ್ಯಕ್ಕೆ ಅಪ್ಪನ ಮಾತು ಕೇಳದೆ ಹೋದ ಎಂಬ ಅರ್ಥವೂ ಇದೆ, ಅಪ್ಪನಿಗಿಂತ ಮೇಲಾದ ಎಂಬ ಅರ್ಥವೂ ಇದೆ. ‘ಮಗ ಅಪ್ಪನನ್ನು ಮೀರಿಸಿದ’ ಎಂಬ ವಾಕ್ಯಕ್ಕೆ ಎರಡನೆಯ ಅರ್ಥ ಒಂದೇ. ಮೊದಲ ವಾಕ್ಯವನ್ನು ಕೇಳಿದ ಅಪ್ಪ ಬೇಸರಪಟ್ಟುಕೊಂಡಾನು, ಎರಡನೆಯದನ್ನು ಕೇಳಿ ಹೆಮ್ಮೆಪಟ್ಟಾನು. ಹೀಗೆ ‘ಔಟ್‌ಡೂ’ವಿಗೆ ತೀರ ಸಮೀಪದ ಕನ್ನಡ ರೂಪ ‘ಮೀರಿಸು’ ಎಂಬುದು ನಮ್ಮ ಬಳಕೆಯಿಂದಲೇ ಸಿದ್ಧವಾಗುತ್ತದೆ.

ಇದಕ್ಕೆ ಇನ್ನೊಂದು ಪುರಾವೆಯನ್ನು ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಒಂದು ಪದದ ಮೂಲಕ ನೋಡಬಹುದು. ಮಧ್ಯಯುಗದ ಧಾರ್ಮಿಕ ನಾಟಕಗಳಲ್ಲಿ ಹೆರೊಡ್ ಎಂಬ ರಾಜ ರಂಗದ ಮೇಲೆ ಅಬ್ಬರಿಸುವ ಕ್ರೂರಪಾತ್ರವಾಗಿ ಪ್ರಸಿದ್ಧನಾಗಿದ್ದ. ನಟರ ಅತಿಯಾದ ಅಬ್ಬರವನ್ನು ಟೀಕಿಸುವ ಹ್ಯಾಮ್ಲೆಟ್, ಆ ರಾಜನ ಹೆಸರಿಗೇ ‘ಔಟ್’ ಸೇರಿಸಿದ ಕ್ರಿಯಾಪದವನ್ನು ಬಳಸುತ್ತಾನೆ. ಅಬ್ಬರದಲ್ಲಿ ಹೆರೊಡನಿಗಿಂತಲೂ ಒಂದು ಹೆಜ್ಜೆ ಮುಂದೆ ಹೋಗುವುದು ಅದರ ತಾತ್ಪರ್ಯ. ಇದೇ ಭಾವಕ್ಕೆ ಕನ್ನಡದಲ್ಲಿ ‘ಶಕುನಿಯನ್ನೂ ಮೀರಿಸುವ ಕುಟಿಲತೆ’, ‘ಕುಂಭಕರ್ಣನನ್ನೂ ಮೀರಿಸುವ ನಿದ್ದೆ’ ಎಂಬ ನುಡಿಗಟ್ಟುಗಳಿವೆ. ಇಲ್ಲಿ ಸಹಜವಾಗಿ ಬರುವುದು ‘ಮೀರಿಸು’ವೇ. ಜೊತೆಗೆ ಬರುವ ‘ಊ’ ಎಂಬ ಅವಧಾರಣೆಯು ಆ ಗುಣದ ತುತ್ತತುದಿಯಲ್ಲಿ ನಿಂತವನನ್ನೇ ಎದುರಾಳಿಯಾಗಿ ಆರಿಸಿಕೊಂಡಿರುವುದನ್ನು ತಿಳಿಸುತ್ತದೆ.

5. ವಾಕ್ಯರಚನೆ ಮತ್ತು ನುಡಿಗಟ್ಟು

ಇಂಗ್ಲಿಷ್ ಕೃತ್ಯವನ್ನು ಧಾತುವಿನಲ್ಲಿಯೂ ಸಂಬಂಧವನ್ನು ಪೂರ್ವಪದದಲ್ಲಿಯೂ ಇಡುತ್ತದೆ. ಕನ್ನಡದಲ್ಲಿ ಇದು ತಿರುವುಮುರುವು. ‘ಓಟದಲ್ಲಿ ಅವನನ್ನು ಹಿಂದಿಕ್ಕಿದ’ ಎಂಬಲ್ಲಿ ಸಂಬಂಧವು ಕ್ರಿಯಾಪದದಲ್ಲಿದೆ, ಕೃತ್ಯವು ಸಪ್ತಮೀ ವಿಭಕ್ತಿಯ ನಾಮಪದವಾಗಿದೆ, ಎದುರಾಳಿ ದ್ವಿತೀಯೆಯಲ್ಲಿದ್ದಾನೆ. ಆದ್ದರಿಂದ ‘ಔಟ್’ ಸೇರಿದ ಪ್ರತಿಯೊಂದು ಕ್ರಿಯಾಪದಕ್ಕೂ ಒಂದೊಂದು ಹೊಸ ಕನ್ನಡ ಪದವನ್ನು ಟಂಕಿಸುವ ಅಗತ್ಯವಿಲ್ಲ. ಕ್ಷೇತ್ರವನ್ನು ಸಪ್ತಮಿಯಲ್ಲಿ ಹೇಳಿ, ತಕ್ಕ ಕ್ರಿಯಾಪದವನ್ನು ಆರಿಸಿದರೆ ಸಾಕು. ಔಟ್‌ರನ್ ಎಂಬುದಕ್ಕೆ ‘ಓಟದಲ್ಲಿ ಹಿಂದಿಕ್ಕು’, ಔಟ್‌ವಿಟ್ ಎಂಬುದಕ್ಕೆ ‘ಜಾಣತನದಲ್ಲಿ ಮೀರಿಸು’, ಔಟ್‌ನಂಬರ್ ಎಂಬುದಕ್ಕೆ ‘ಸಂಖ್ಯೆಯಲ್ಲಿ ಮಿಗಿಲಾಗು’ ಎಂಬವು ಹೊಂದುತ್ತವೆ. ಔಟ್‌ಶೈನ್ ಎಂಬುದಕ್ಕೆ ಹಳಗನ್ನಡದ ‘ಮಸುಳಿಸು’ ಅಚ್ಚುಕಟ್ಟಾಗಿ ಹೊಂದುವ ಪದ; ಇಂದಿನ ಗದ್ಯದಲ್ಲಿ ‘ಮಂಕಾಗಿಸು’ ಎನ್ನಬಹುದು. ‘ಔಟ್‌ಡೂ’ವಿನಲ್ಲಿ ಕೃತ್ಯ ಯಾವುದೆಂಬುದನ್ನು ಧಾತು ಹೇಳುವುದಿಲ್ಲ, ಆದುದರಿಂದ ಕನ್ನಡದಲ್ಲಿ ಸಂದರ್ಭದಿಂದ ಕ್ಷೇತ್ರವನ್ನು ಹುಡುಕಿ ತುಂಬಿಕೊಡಬೇಕಾಗುತ್ತದೆ. ಅದನ್ನು ಬಿಟ್ಟು ಬರಿದೇ ‘ಮೀರಿದ’ ಎಂದಾಗಲೇ ಅರ್ಥ ಜಾರುವುದು.

ಆಡುಮಾತಿನಲ್ಲಿ ಈ ಅರ್ಥಕ್ಕೆ ಇನ್ನೂ ಸೊಗಸಾದ ನುಡಿಗಟ್ಟುಗಳಿವೆ. ‘ಸೇರಿಗೆ ಸವ್ವಾಸೇರು’ ಎಂಬ ಮಾತನ್ನು ಗಮನಿಸಬಹುದು. ಸೇರು ಹಳೆಯ ಅಳತೆ. ಸವ್ವಾಸೇರು ಎಂದರೆ ಒಂದೂಕಾಲು ಸೇರು. ಅಳತೆ ಒಂದೇ, ಹೆಚ್ಚಾದದ್ದು ಕಾಲು ಸೇರು. ‘ಔಟ್‌ಡೂ’ವಿನ ಅರ್ಥಘಟಕಗಳಲ್ಲಿ ಸಮಾನಕ್ಷೇತ್ರ ಮತ್ತು ಆಧಿಕ್ಯ ಎರಡನ್ನೂ ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ. ಒಬ್ಬನು ಚಾಪೆಯ ಕೆಳಗೆ ನುಸುಳಿದರೆ ಇನ್ನೊಬ್ಬನು ರಂಗೋಲಿಯ ಕೆಳಗೆ ನುಸುಳುತ್ತಾನೆ ಎಂಬ ಗಾದೆಯಲ್ಲಿಯೂ ಕೃತ್ಯ ಅದೇ, ಚಾತುರ್ಯ ಮಾತ್ರ ಹೆಚ್ಚು. ‘ಒಂದು ಕೈ ಮೇಲು’ ಎಂಬುದು ಇದೇ ಸಾಲಿಗೆ ಸೇರುತ್ತದೆ. ಒಬ್ಬರನ್ನೊಬ್ಬರು ‘ಔಟ್‌ಡೂ’ ಮಾಡಲು ಹವಣಿಸುವುದಕ್ಕೆ ‘ನಾ ಮುಂದು ತಾ ಮುಂದು’ ಎಂಬ ಮಾತಿದೆ. ಇನ್ನೊಬ್ಬರ ಕೆಲಸವನ್ನು ಕಂಡು ಹಿಂದೆ ಬೀಳಬಾರದೆಂದು ತಾನೂ ತೊಡಗುವುದನ್ನು ಹೇಳುವ, ಈ ಕ್ರಿಯಾಪದದ ಕರ್ಮಣಿ ರೂಪದ ಇಂಗ್ಲಿಷ್ ನುಡಿಗಟ್ಟಿಗೆ ‘ತಾನೇನು ಕಮ್ಮಿ ಎಂಬಂತೆ’ ಎಂಬುದು ನೇರವಾಗಿ ಒದಗುತ್ತದೆ.

6. ಕಾವ್ಯಮೀಮಾಂಸೆಯಲ್ಲಿ ಮೀರಿಸುವಿಕೆ

ಮೀರಿಸಬೇಕಾದರೆ ಮೊದಲು ಸಾಮ್ಯವಿರಬೇಕು ಎಂಬ ಅರಿವು ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ದಂಡಿಯು ‘ಕಾವ್ಯಾದರ್ಶ’ದಲ್ಲಿ ಸಾದೃಶ್ಯವನ್ನು ಸೂಚಿಸುವ ಪದಗಳನ್ನು ಪಟ್ಟಿಮಾಡುವಾಗ ಇವ, ವತ್ ಮುಂತಾದವುಗಳಷ್ಟೇ ಅಲ್ಲದೆ ಸ್ಪರ್ಧಿಸುವುದು, ಜಯಿಸುವುದು, ದ್ವೇಷಿಸುವುದು, ನಗುವುದು, ಅಸೂಯೆಪಡುವುದು ಎಂಬ ಅರ್ಥದ ಕ್ರಿಯಾಪದಗಳನ್ನೂ ಸೇರಿಸುತ್ತಾನೆ. ಮುಖವು ಚಂದ್ರನೊಡನೆ ಸ್ಪರ್ಧಿಸುತ್ತದೆ ಎಂದರೆ ಮುಖ ಚಂದ್ರನಂತಿದೆ ಎಂದೇ ಅರ್ಥ. ಅಸಮಾನರ ನಡುವೆ ಸ್ಪರ್ಧೆ ಸಾಧ್ಯವಿಲ್ಲವಾದ್ದರಿಂದ ಸ್ಪರ್ಧೆಯೇ ಸಾಮ್ಯದ ವಾಚಕವಾಗುತ್ತದೆ. ಸಾಮ್ಯವನ್ನು ಒಪ್ಪಿಕೊಂಡು ಅನಂತರ ಭೇದವನ್ನು ಹೇಳುವುದು ವ್ಯತಿರೇಕಾಲಂಕಾರ. ಉಪಮೇಯದ ಆಧಿಕ್ಯವು ಅದರ ಪ್ರಸಿದ್ಧ ರೂಪ. ‘ಕಾವ್ಯಾದರ್ಶ’ವನ್ನು ಬಹುವಾಗಿ ಅನುಸರಿಸಿದ ‘ಕವಿರಾಜಮಾರ್ಗ’ದ ಮೂಲಕ ಈ ಚಿಂತನೆ 9ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ಬಂದಿದೆ. ‘ಔಟ್‌ಡೂ’ವನ್ನು ವ್ಯತಿರೇಕದ ಕ್ರಿಯಾರೂಪವೆಂದು ಕರೆದರೆ ನಮ್ಮ ವಿದ್ಯಾರ್ಥಿಗಳಿಗೆ ಅದು ಬೇಗ ತಿಳಿದೀತು.

ಕವಿಗಳ ನಡುವಿನ ಸ್ಪರ್ಧೆಗೂ ನಮ್ಮಲ್ಲಿ ಮಾತುಗಳಿದ್ದವು. 10ನೆಯ ಶತಮಾನದ ಪಂಪನು ತನ್ನ ಎರಡು ಕೃತಿಗಳು ಹಿಂದಿನ ಕಾವ್ಯಗಳನ್ನೆಲ್ಲ ಕೆಳಗಿಕ್ಕಿ ಮೆಟ್ಟಿದವೆಂದು ಹೇಳಿಕೊಂಡಿದ್ದಾನೆ. ಇಲ್ಲಿ ಎಲ್ಲೆಯನ್ನು ದಾಟಿದ ಮಾತಿಲ್ಲ. ಕಾವ್ಯವೆಂಬ ಒಂದೇ ಕಣದಲ್ಲಿ ಹಿಂದಿನವರನ್ನು ಮೀರಿಸಿದ ಆತ್ಮವಿಶ್ವಾಸವಿದೆ.

7. ವಿಮರ್ಶೆಯ ಪರಿಭಾಷೆಯಲ್ಲಿ ಆಗುತ್ತಿರುವ ಗೊಂದಲ

‘ಹೊಸ ಕವಿ ಹಿರಿಯ ಕವಿಯನ್ನು ಮೀರುತ್ತಾನೆ’ ಎಂಬ ಬಗೆಯ ವಾಕ್ಯ ವಿಮರ್ಶೆಯಲ್ಲಿಯೂ ಸಂಶೋಧನ ಪ್ರಬಂಧಗಳಲ್ಲಿಯೂ ಸಾಮಾನ್ಯ. ಇದಕ್ಕೆ ಕನಿಷ್ಠ ಮೂರು ಅರ್ಥಗಳಿವೆ. ಹಿರಿಯ ಕವಿ ಮಾಡಿದ್ದನ್ನೇ ಅವನಿಗಿಂತ ಚೆನ್ನಾಗಿ ಮಾಡುತ್ತಾನೆ ಎಂಬುದು ಒಂದು. ಆತ ಹಾಕಿದ ಕಟ್ಟನ್ನು ಮುರಿಯುತ್ತಾನೆ ಎಂಬುದು ಇನ್ನೊಂದು. ಆತನ ಪ್ರಭಾವದಿಂದ ಬಿಡುಗಡೆ ಪಡೆದು ಬೇರೊಂದು ನೆಲೆಗೆ ಏರುತ್ತಾನೆ ಎಂಬುದು ಮತ್ತೊಂದು. ಮೂರಕ್ಕೂ ಬೇಕಾದ ಆಧಾರಗಳು ಬೇರೆ. ಮೊದಲನೆಯದಕ್ಕೆ ಸಮಾನ ವಸ್ತು ಅಥವಾ ಪ್ರಕಾರದ ತೌಲನಿಕ ಅಧ್ಯಯನ ಬೇಕು, ಎರಡನೆಯದಕ್ಕೆ ನಿಯಮ ಮತ್ತು ಉಲ್ಲಂಘನೆಯ ವಿವರ ಬೇಕು, ಮೂರನೆಯದಕ್ಕೆ ಕವಿಯ ಬೆಳವಣಿಗೆಯ ಚರಿತ್ರೆ ಬೇಕು. ಪದ ಒಂದೇ ಆದಾಗ ಒಂದರ ಆಧಾರವನ್ನು ಕೊಟ್ಟು ಇನ್ನೊಂದರ ತೀರ್ಮಾನಕ್ಕೆ ಬರುವ ಅಪಾಯವಿದೆ.

ಎರಡು ಉದಾಹರಣೆಗಳನ್ನು ನೋಡಬಹುದು. ರನ್ನನ ‘ಸಾಹಸಭೀಮವಿಜಯ’ಕ್ಕೆ ಪಂಪಭಾರತದ 13ನೆಯ ಆಶ್ವಾಸ ಪ್ರೇರಣೆಯೆಂಬುದು ಸುಪರಿಚಿತ ಸಂಗತಿ. ಕಥಾಭಾಗ ಅದೇ, ಪಾತ್ರಗಳು ಅವೇ, ಪ್ರಕಾರ ಚಂಪೂ. ಆದ್ದರಿಂದ ರನ್ನನು ಪಂಪನನ್ನು ಮೀರಿಸಿದನೇ ಎಂಬ ಪ್ರಶ್ನೆಗೆ ಇಲ್ಲಿ ಅರ್ಥವಿದೆ. ಉತ್ತರ ಏನೇ ಇರಲಿ, ಅಳೆಯಲು ಸೇರು ಒಂದೇ ಇದೆ. ಗೋಪಾಲಕೃಷ್ಣ ಅಡಿಗರು 1954ರ ‘ಚಂಡೆಮದ್ದಳೆ’ಯಲ್ಲಿ ಮಾಡಿದ್ದು ಈ ಬಗೆಯದಲ್ಲ. ನವೋದಯದ ಭಾವಗೀತೆಯ ಕಣದಲ್ಲಿಯೇ ನಿಂತು ಅವರು ಬೇಂದ್ರೆಯವರೊಡನೆ ಸೆಣಸಲಿಲ್ಲ. ಲಯ, ಪ್ರತಿಮೆ, ಆಡುನುಡಿಗಳ ಬಳಕೆಯಲ್ಲಿ ಕಣವನ್ನೇ ಬದಲಿಸಿದರು. ಅಡಿಗರು ನವೋದಯವನ್ನು ‘ಮೀರಿದರು’ ಎನ್ನಬಹುದು. ‘ಮೀರಿಸಿದರು’ ಎಂದರೆ ಅದು ಬೇರೆಯದೇ ಆದ, ಬೇರೆಯಾಗಿಯೇ ಸಾಧಿಸಬೇಕಾದ ತೀರ್ಮಾನವಾಗುತ್ತದೆ.

ಪಾಶ್ಚಾತ್ಯ ವಿಮರ್ಶೆಯನ್ನು ಕನ್ನಡಕ್ಕೆ ತರುವಾಗಲೂ ಇದೇ ಎಚ್ಚರ ಬೇಕು. 1973ರಲ್ಲಿ ಪ್ರಕಟವಾದ ಪ್ರಭಾವದ ಆತಂಕವನ್ನು ಕುರಿತ ಕೃತಿಯಲ್ಲಿ ಹೆರಾಲ್ಡ್ ಬ್ಲೂಮ್ ಕವಿಗೂ ಅವನ ಪೂರ್ವಸೂರಿಗೂ ನಡುವಣ ಸಂಬಂಧವನ್ನು ಹೋರಾಟವೆಂದು ಕಲ್ಪಿಸಿಕೊಂಡಿದ್ದಾನೆ. ಅದನ್ನು ಬರಿದೇ ‘ಮೀರುವಿಕೆ’ ಎಂದು ಅನುವಾದಿಸಿದರೆ ಸೆಣಸಾಟ ಮರೆಯಾಗಿ, ಶಾಂತವಾದ ಆರೋಹಣದ ಚಿತ್ರ ಉಳಿಯುತ್ತದೆ. ಆತ್ಮಾರ್ಥಕ ಬಳಕೆಯಲ್ಲಿ ಈ ಜಾರುವಿಕೆ ಇನ್ನೂ ಹೆಚ್ಚು. ಕನ್ನಡದಲ್ಲಿ ‘ತನ್ನನ್ನು ತಾನು ಮೀರುವುದು’ ಎಂದರೆ ಅಹಂಕಾರದಿಂದ ಬಿಡುಗಡೆ ಎಂಬ ಅನುಭಾವದ ಅರ್ಥ ಮೊದಲು ಹೊಳೆಯುತ್ತದೆ. ಇಂಗ್ಲಿಷಿನಲ್ಲಿ ಒಬ್ಬ ಗಾಯಕ ತನ್ನನ್ನೇ ‘ಔಟ್‌ಡೂ’ ಮಾಡಿದನೆಂದರೆ ಹಿಂದಿನ ಕಛೇರಿಗಿಂತ ಚೆನ್ನಾಗಿ ಹಾಡಿದನೆಂದಷ್ಟೇ ಅರ್ಥ. ‘ತನ್ನ ಹಿಂದಿನ ಸಾಧನೆಯನ್ನೇ ಮೀರಿಸಿದ’ ಎಂದರೆ ಆ ಗಾಯಕನನ್ನು ಅನುಭಾವಿಯನ್ನಾಗಿ ಮಾಡುವ ಪ್ರಮಾದ ತಪ್ಪುತ್ತದೆ.

ಈವರೆಗಿನ ವಿವೇಚನೆಯಿಂದ ಬಳಕೆಗೆ ನೆರವಾಗುವ ಒಂದು ಸ್ಥೂಲ ವಿಂಗಡಣೆಯನ್ನು ಮಾಡಿಕೊಳ್ಳಬಹುದು. ಎದುರಾಳಿಯೂ ಸಮಾನಕೃತ್ಯವೂ ಇರುವಲ್ಲಿ ‘ಮೀರಿಸು’, ಓಟ, ಮಾರಾಟ, ಅಂಕಿಅಂಶಗಳಂತಹ ಸಾಲಿನ ಸ್ಪರ್ಧೆಯಿರುವಲ್ಲಿ ‘ಹಿಂದಿಕ್ಕು’, ಗುಣ, ಪ್ರಮಾಣಗಳ ಆಧಿಕ್ಯವಿರುವಲ್ಲಿ ‘ಮಿಗಿಲಾಗು’, ಮಿತಿ, ಗಡುವು, ಮೊತ್ತಗಳಿರುವಲ್ಲಿ ‘ಮೀರು’ ಅಥವಾ ‘ದಾಟು’, ನಿಯಮಭಂಗವಿರುವಲ್ಲಿ ‘ಉಲ್ಲಂಘಿಸು’, ಲೌಕಿಕ ನೆಲೆಯಿಂದ ಮೇಲೇರುವ ಅರ್ಥವಿರುವಲ್ಲಿ ‘ಅತೀತವಾಗು’ ಎಂಬಂತೆ ಬಳಸಬಹುದು. ಇದು ಕಟ್ಟುನಿಟ್ಟಿನ ಸೂತ್ರವಲ್ಲ. ಕಾವ್ಯದ ಅನುವಾದದಲ್ಲಿ ಮೂಲವೇ ಅರ್ಥಗಳನ್ನು ಬೆರೆಸಿದ್ದರೆ ‘ಮೀರು’ವಿನ ಅನೇಕಾರ್ಥತೆಯೇ ವರವಾಗಬಹುದು. ಆದರೆ ತೀರ್ಪು ಕೊಡುವ ಗದ್ಯದಲ್ಲಿ ಅದಕ್ಕೆ ಎಡೆಯಿಲ್ಲ. ಒಬ್ಬ ಲೇಖಕನು ಇನ್ನೊಬ್ಬನನ್ನು ‘ಮೀರಿದ’ನೆಂದು ಬರೆಯುವ ಮುನ್ನ ಯಾವ ಕಣದಲ್ಲಿ, ಯಾವ ಅಳತೆಯಲ್ಲಿ ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ, ‘ಮೀರು’ ಬೇಕೋ ‘ಮೀರಿಸು’ ಬೇಕೋ ಎಂಬುದು ಆ ಉತ್ತರದಿಂದಲೇ ತೀರ್ಮಾನವಾಗುತ್ತದೆ.